ಗಯಾಸುದ್ದೀನರು ಮೊಳೆ ಹೊಡೆದ ಅಕ್ಷರ

ಹುಣಸೂರಿನಲ್ಲಿ ಕೊಡಗಿನ ರಸ್ತೆಗೆ ಮುಖ ಮಾಡಿ ಒಂದು ಚರ್ಮದ ಅಂಗಡಿ ಇತ್ತು. ಅದು ಗಯಾಸುದ್ದೀನರದು. ಎತ್ತಿನ ಕೊರಳಪಟ್ಟಿ, ಜಟಕಾ ಕುದುರೆಯ ಲಗಾಮು, ಜೀನು, ಗಾಡಿಯ ಬಾರು ಎಲ್ಲ ಮಾಡುತ್ತಿದ್ದರು. ನಮ್ಮ ಗಾಡಿಚಕ್ರದ ಕೊಟ್ಟಿಗೆ ಅದರ ಪಕ್ಕದ್ದು. ನಡುವೆ ಇದ್ದದ್ದು ಒಂದು ತಡಿಕೆ. ಅಲ್ಲಿ ಆಡಿದ ಮಾತು ಇಲ್ಲಿ ಕೇಳುತ್ತಿತ್ತು.

ಅವರು ಮಾತಾಡುತ್ತಿದ್ದದ್ದು ಕಡಿಮೆ. ಬಾಯಲ್ಲಿ ಯಾವಾಗಲೂ ಮೇಣ ಸವರಿದ ದಾರ ಇರುತ್ತಿತ್ತು. ಗಿರಾಕಿ ಏನಾದರೂ ಕೇಳಿದರೆ ದಾರ ತೆಗೆದು ಉತ್ತರ ಹೇಳಿ ಮತ್ತೆ ಕಚ್ಚಿಕೊಳ್ಳುವರು. ಗಿರಾಕಿಗಳ ಜೊತೆ ವ್ಯವಹಾರದ ಮಾತೆಲ್ಲ ಅವರ ಹೆಂಡತಿ ತಾಜುನ್ನೀಸಾ ಅವರದು. ಆಯಮ್ಮ ಒಳಬಾಗಿಲ ಪರದೆಯ ಹಿಂದೆ ಕೂತೇ ಅಂಗಡಿ ನಡೆಸುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಶರೀಫುನ್ನೀಸಾ ಅಂತ ಹೆಸರು. ಎಂಟನೇ ವಯಸ್ಸಿನಲ್ಲಿ ಸಿಡುಬು ಎದ್ದು ಎರಡು ಕಣ್ಣೂ ಹೋದವು. ಅದಕ್ಕೆ ಮುಂಚೆ ಮಸೀದಿಯ ಪಕ್ಕದ ಮನೆಯಲ್ಲಿ ಬೇರೆ ಹುಡುಗಿಯರ ಜೊತೆ ಉರ್ದು ಓದಲು ಹೋಗುತ್ತಿದ್ದಳು. ಅಲ್ಲಿ ಕಲಿತದ್ದು ಅವಳಿಗೆ ಬಾಯಿಪಾಠ. ಅಪ್ಪನ ಪಕ್ಕ ಕೂತು ದಾರಕ್ಕೆ ಮೇಣ ಎಳೆಯುತ್ತ ಅದನ್ನೇ ಹೇಳಿಕೊಳ್ಳುವಳು. ಯಾವಾಗಲೂ ಒಂದೇ ಜಾಗಕ್ಕೆ ಬಂದು ನಿಲ್ಲುವಳು. ಕಣ್ಣು ಹೋದಾಗ ಪಾಠ ಅಲ್ಲಿಗೆ ಬಂದಿತ್ತು.

“ಅಲ್ಲಿಂದ ಮುಂದಕ್ಕೆ ಏನೈತೆ ಅಮ್ಮಿ?” ಎಂದು ಕೇಳುವಳು.

“ಯಾರನ್ನಾದ್ರೂ ಓದಿ ಹೇಳು ಅಂದ್ರಾಯ್ತು ಬುಡು,” ಎಂದು ತಾಯಿ ಹೇಳುವರು.

“ಯಾರೂ ಓದೋದು ಬ್ಯಾಡ. ನಾನೇ ಓದ್ಬೇಕು.”

ಅಪ್ಪ ಬಾಯಲ್ಲಿ ದಾರ ಇಟ್ಟುಕೊಂಡೇ ಕೇಳುತ್ತಿದ್ದರು.

ಮೋಟಾರು ಬಸ್ಸು ಆಗತಾನೆ ನಮ್ಮ ರಸ್ತೆಗೆ ಬಂದಿದ್ದ ಕಾಲ ಅದು. ಆದರೂ ಸಾಮಾನು ಸರಂಜಾಮು ಹೋಗುತ್ತಿದ್ದದ್ದು ಗಾಡಿಯ ಮೇಲೆ. ಊರಿನ ಕಾಫಿ ಕಾರ್ಖಾನೆಯ ಮೇನೇಜರು ಬೆತ್ತ ಹರಿದ ಕುರ್ಚಿಗಳನ್ನು ಒಂದು ಗಾಡಿಗೆ ಹೇರಿ ಮೈಸೂರಿಗೆ ಕಳಿಸಿದರು. ಅಲ್ಲಿ ಕುರುಡು ಮಕ್ಕಳ ಶಾಲೆ ಒಂದಿತ್ತು. ಆ ಮಕ್ಕಳು ಕುರ್ಚಿಗೆ ಬೆತ್ತ ಹೆಣೆದುಕೊಡುತ್ತಿದ್ದರು. ಗಯಾಸುದ್ದೀನರಿಗೆ ಪೇಟೆಯಲ್ಲಿ ಹಿತ್ತಾಳೆ ಸಾಮಾನು ಕೊಳ್ಳುವುದಿತ್ತು. ಅದೇ ಗಾಡಿಯಲ್ಲಿ ಹೋದರು.

ಕುರುಡು ಮಕ್ಕಳು ಕುರ್ಚಿ ಹೆಣೆಯುತ್ತಾರೆ ಎಂದು ಅವರು ಕೇಳಿದ್ದರು. ಓದುತ್ತಾರೆ ಎಂದು ಕೇಳಿರಲಿಲ್ಲ. ಅದನ್ನು ಅಲ್ಲಿ ದೂರದಿಂದ ನೋಡಿ ಶಿವನಂಜಪ್ಪ ಎಂಬ ಮೇಷ್ಟರನ್ನು ಹುಡುಕಿಕೊಂಡು ಹೋಗಿ ಮಗಳ ವಿಷಯ ಹೇಳಿದರು.

“ವಯಸ್ಸೆಷ್ಟು?” ಎಂದು ಮೇಷ್ಟರು ಕೇಳಿದರು.

“ಹದಿಮೂರು ಸ್ವಾಮಿ.”

“ಹನ್ನೆರಡು ದಾಟಿದವರನ್ನ ಮೊದಲನೇ ಕ್ಲಾಸಿಗೆ ತಗೊಳ್ಳೋ ಹಾಗಿಲ್ಲ ಸಾಬ್ರೆ. ಅಕ್ಷರ ಬಂದಿದ್ರೆ ಮೇಲಿನ ಕ್ಲಾಸಿಗೆ ನೋಡಬಹುದು.”

“ಅಕ್ಷರ ಕಲಿಸೋರೇ ನೀವು. ನೀವು ಸೇರಿಸ್ಕೊಂಡ್ರೆ ತಾನೆ ಅಕ್ಷರ ಬರೋದು.”

“ನಿಜ. ಏನು ಮಾಡೋದು, ಇರೋ ಜಾಗ ಇಷ್ಟೇ.” ಮೇಷ್ಟರು ಸ್ವಲ್ಪ ಯೋಚಿಸಿ ಹೇಳಿದರು, “ಮುಂದಿನ ವರ್ಷ ಬೇಸಿಗೆ ರಜೆ ಮುಗಿದ ಮೇಲೆ ಒಂದು ಸಲ ಕರ್ಕೊಂಡು ಬನ್ನಿ. ಓದಿದಳು ಅಂದ್ರೆ ತಗೊಳ್ಳೋಣ. ಅದು ಬಿಟ್ರೆ ಆಮೇಲೆ ನನ್ನ ಕೈಲಿ ಏನೂ ಆಗೋಲ್ಲ.”

ಚುಕ್ಕೆ ಅಕ್ಷರದ ಪುಸ್ತಕಗಳು ಶಾಲೆಯಲ್ಲೇ ಕೆಲವೇ ಇದ್ದವು. ಹೊರಗೆ ಕೊಡುವ ಹಾಗಿರಲಿಲ್ಲ. ಗಯಾಸುದ್ದೀನರು ಜಗಲಿಗೆ ಬಂದರು. ಅಲ್ಲಿ ಹೊಸ ಅಗ್ರಹಾರದ ಕಡೆಯ ಒಬ್ಬ ಕುರುಡು ವಿದ್ಯಾರ್ಥಿ ಬರೆಯುತ್ತ ಕೂತಿದ್ದ. ಮಹದೇವಪ್ಪ ಅಂತ, ಮೀಸೆ ಬಂದಿದ್ದ ಆಳು. ಒಂದು ಹಲಗೆಗೆ ದಪ್ಪ ಕಾಗದ ಸಿಕ್ಕಿಸಿ, ಅದರ ಮೇಲೆ ಸಣ್ಣ ಸಣ್ಣ ಕಿಟಕಿ ಕೊರೆದ ಹಿತ್ತಾಳೆ ಪಟ್ಟಿ ಇಟ್ಟು, ಗಿಡ್ಡ ದಬ್ಬಳದಿಂದ ಕಿಟಕಿಯೊಳಗೆ ಚುಚ್ಚುತ್ತಿದ್ದ.

“ಇದು ಅಕ್ಷರವಾ ತಮ್ಮ?”

“ಹೂ ಕಣ್ರೀ. ಒಂದು ಕಿಟಕಿಗೆ ಒಂದು ಅಕ್ಷರ. ಆರು ಚುಕ್ಕೆ ಜಾಗ ಇರ್ತದೆ. ಯಾವ ಯಾವ ಜಾಗದಲ್ಲಿ ಚುಚ್ಚಿದೀವಿ ಅನ್ನೋದರ ಮೇಲೆ ಅಕ್ಷರ.”

“ಅ ಇಂದ ಒಂದೊಂದೇ ಚುಚ್ಚಿ ತೋರಿಸ್ತೀಯಾ?”

“ನಿಮಗ್ಯಾಕ್ರೀ ಸಾಬ್ರೆ, ಕಣ್ಣಿರೋರಿಗೆ?”

“ನನ್ನ ಮಗಳಿಗೆ ಕಣಪ್ಪ.”

ಮಹದೇವಪ್ಪ ಒಂದೊಂದೇ ಅಕ್ಷರದ ಹೆಸರು ಹೇಳಿ ಚುಚ್ಚುತ್ತ ಹೋದ. ಗಯಾಸುದ್ದೀನರು ಸೊಂಟದಲ್ಲಿದ್ದ ಚರ್ಮದ ತುಂಡಿನ ಮೇಲೆ ಉಳಿಯ ಮೊನೆಯಿಂದ ಕಂಡ ಹಾಗೇ ಗುರುತು ಮಾಡಿಕೊಂಡರು. ಹುಡುಗ ಬಲದಿಂದ ಎಡಕ್ಕೆ ಬರೆಯುತ್ತಿದ್ದ. ಕನ್ನಡದವರು ಯಾರಾದರೂ ಆಗಿದ್ದರೆ ಇದೇನು ಹೀಗೆ ಎಂದು ಕೇಳುತ್ತಿದ್ದರು. ಗಯಾಸುದ್ದೀನರಿಗೆ ಓದಲು ಬರೆಯಲು ಬರುತ್ತಿದ್ದದ್ದು ಉರ್ದು ಒಂದೇ. ಅದೂ ಬಲದಿಂದಲೇ ಶುರುವಾಗುವುದು. ಅವರಿಗೆ ಕೇಳಬೇಕು ಅನ್ನಿಸಲಿಲ್ಲ. ಕೊನೆಯ ಅಕ್ಷರ ಮುಗಿಯುವ ಹೊತ್ತಿಗೆ ಗಾಡಿಯವನು ಕೂಗಿದ. ಅವರು ಎದ್ದು ಬಂದರು.

ಊರಿಗೆ ಬಂದು ಕೆಲಸಕ್ಕೆ ಕೂತರು. ಎತ್ತಿನ ಕೊರಳಪಟ್ಟಿಗೆ ಅಂದಕ್ಕೆ ಅಂತ ಹಿತ್ತಾಳೆಯ ದುಂಡುತಲೆ ಮೊಳೆ ಹೊಡೆಯುವ ಪದ್ಧತಿ ಇದೆ. ಅದೇ ಮೊಳೆಯನ್ನು ಚುಕ್ಕೆಯ ಜಾಗಕ್ಕೆ ಹೊಡೆದು ಪಟ್ಟಿ ಮಾಡಿದರು. ಶರೀಫುನ್ನೀಸಾ ಮುಟ್ಟಿ ನೋಡಿ ಅಪ್ಪನಿಗೆ ಹೇಳಿದಳು.

“ಅಬ್ಬಾ, ಒಂದು ಅಕ್ಷರಕ್ಕೆ ಇಡೀ ಕೈ ಬೇಕು. ಒಂದು ಮೂಲೆ ಮುಟ್ಟೋ ಹೊತ್ತಿಗೆ ಇನ್ನೊಂದು ಮರ್ತೋಗ್ತದೆ.”

ಅವರು ಆ ಪಟ್ಟಿ ಪಕ್ಕಕ್ಕಿಟ್ಟರು. ಮರದ ಪೆಟ್ಟಿಗೆಗೆ ಅಂಚು ಕಟ್ಟಲು ಬಳಸುವ ಸಣ್ಣ ಮೊಳೆ ತಂದು, ತಲೆಯನ್ನು ಅರದಿಂದ ಉಜ್ಜಿ ಇನ್ನೂ ಸಣ್ಣದು ಮಾಡಿದರು. ಈಗ ಒಂದು ಅಕ್ಷರ ಒಂದು ಬೆರಳ ತುದಿಗೆ ಸಿಕ್ಕಿತು. ಕೊರಳಪಟ್ಟಿಯ ಉದ್ದದ ಚರ್ಮದಲ್ಲೇ ಒಂದು ಪಟ್ಟಿಗೆ ಒಂದು ಸಾಲು. ಎಲ್ಲ ಪಟ್ಟಿಯಲ್ಲೂ ಮೊದಲನೇ ಅಕ್ಷರ ಬಲಗಡೆ.

ಪಟ್ಟಿ ಕಲಿತ ಮೇಲೆ ಬಿಡಿ ಬಿಲ್ಲೆ ಮಾಡಿದರು. ಒಂದು ಬಿಲ್ಲೆಗೆ ಒಂದು ಅಕ್ಷರ. ತಲೆಗೆ ಒಂದು ತೂತು. ಗೆಜ್ಜೆ ಪೋಣಿಸಿದ ಹಾಗೆ ದಾರಕ್ಕೆ ಪೋಣಿಸಿದರೆ ಮಾತು ಆಗುವುದು. ಯಾವ ಮಾತಿಗೆ ಯಾವ ಅಕ್ಷರ ಎಂದು ಅವರಿಗೆ ಗೊತ್ತಿರಲಿಲ್ಲ. ತಡಿಕೆಯ ಆಚೆಯಿಂದ ನನ್ನನ್ನು ಕೇಳುತ್ತಿದ್ದರು. ನನಗೆ ಬರುತ್ತಿದ್ದ ಕನ್ನಡ ಓದು ಬರಹ ಸ್ವಲ್ಪ. ಅಷ್ಟನ್ನು ಹೇಳುತ್ತಿದ್ದೆ. ಗಾಡಿ, ಮೊಳೆ, ಹುಣಸೂರು, ಹೊಳೆ. ಅವಳು ದಾರ ಹಿಡಿದು ಬಲದಿಂದ ಬೆರಳು ಎಳೆದು ಓದುವಳು. ಒಂದು ಸಲ ಕಲಿತದ್ದನ್ನು ಮತ್ತೆ ಕೇಳುತ್ತಿರಲಿಲ್ಲ.

ಮಧ್ಯೆ ಒಂದು ದಿನ ಕ-ಖ-ಗದ ಪಟ್ಟಿ ಕಾಣೆಯಾಯಿತು. ಎಣ್ಣೆ ಸವರಿ ಬಿಸಿಲಿಗೆ ಅಂಗಡಿಯ ಗೂಟಕ್ಕೆ ತೂಗುಹಾಕಿದ್ದರು. ತಾಯಿ ಪರದೆಯ ಹಿಂದಿನಿಂದ ಅದನ್ನು ಎತ್ತಿನ ಪಟ್ಟಿ ಅಂದುಕೊಂಡು ಮಾರಿಬಿಟ್ಟಿದ್ದರು. ಕೊಂಡವನು ಗಾವಡಗೆರೆಯ ನಿಂಗಯ್ಯ. ಅವನೂ ಎತ್ತಿನ ಪಟ್ಟಿ ಅಂತಲೇ ಕೊಂಡಿದ್ದ.

ಮುಂದಿನ ಸಂತೆಗೆ ನಿಂಗಯ್ಯ ಗಾಡಿ ಹೊಡೆದುಕೊಂಡು ನಮ್ಮ ಕೊಟ್ಟಿಗೆಗೇ ಬಂದ. ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕಿಸುವುದಿತ್ತು. ಬಲಗಡೆ ಎತ್ತಿನ ಕೊರಳಲ್ಲಿ ಪಟ್ಟಿ ಮಿಂಚುತ್ತಿತ್ತು. ನಾನು ತಡಿಕೆ ತಟ್ಟಿ ಹೇಳಿದೆ. ಗಯಾಸುದ್ದೀನರು ಮಗಳನ್ನು ಕರೆದುಕೊಂಡು ಆಚೆಗೆ ಬಂದರು.

“ನಿಂಗಯ್ನೋರೆ, ಆ ಪಟ್ಟಿ ಮಾರೋದಲ್ಲ. ಬೇರೆ ಒಳ್ಳೇದು ಕೊಡ್ತೀನಿ, ಅದು ಬಿಚ್ಚಿಕೊಡಿ.”

“ಯಾಕ್ ಸಾಬ್ರೆ? ನಮ್ ಎತ್ತಿಗೆ ಒಪ್ಪಾಗೈತೆ. ಊರೋರೆಲ್ಲ ಯಾವ ಅಂಗಡಿ ಅಂತ ಕೇಳ್ತಾವ್ರೆ.”

“ಅದು ಅಕ್ಷರ.”

“ಎತ್ತಿನ ಕೊಳ್ಳಲ್ಲಿ ಎಂಥ ಅಕ್ಷರಾರೀ?” ನಿಂಗಯ್ಯ ನಕ್ಕ. “ಅಂಗಾರೆ ನಮ್ ಎತ್ತು ಇಸ್ಕೂಲಿಗೆ ಓಯ್ತದೆ ಅನ್ನಿ.”

ಶರೀಫುನ್ನೀಸಾ ಎತ್ತಿನ ಕೊರಳಡಿಯ ಗಂಗೆದೊಗಲು ತಡವಿ ಪಟ್ಟಿ ಹಿಡಿದಳು. ಕ, ಖ, ಗ, ಘ ಎಂದು ಬೆರಳು ಎಳೆದುಕೊಂಡು ಹೋದಳು. ನಡುವೆ ನಿಂತಳು.

“ಇಲ್ಲೊಂದು ಮೊಳೆ ಬಿದ್ದೋಗೈತೆ. ನಿಮ್ಮ ಎತ್ತು ಗೋಡೆಗೆ ಉಜ್ಜಿಕೊಳ್ತದಾ?”

ನಿಂಗಯ್ಯನ ನಗು ನಿಂತಿತು. “ಉಜ್ಜಿಕೊಳ್ತದೆ ಕಣವ್ವ. ಕೊಟ್ಟಿಗೆ ಗೊಂತಿನ ಮರಕ್ಕೆ ಉಜ್ಜಿಕೊಳ್ತದೆ,” ಎಂದ. ಪಟ್ಟಿ ಬಿಚ್ಚಿ ಅವಳ ಕೈಗೆ ಕೊಟ್ಟ. ಅಷ್ಟು ದಿನ ಎತ್ತಿನ ಮುಂದೆ ತಾನು ದಡ್ಡನಾಗಿದ್ದೆ ಎಂದು ಆಮೇಲೆ ಊರಲ್ಲೆಲ್ಲ ಹೇಳಿಕೊಂಡು ಬಂದ.

ಬೇಸಿಗೆ ಮುಗಿಯಿತು. ಅಪ್ಪ ಮಗಳು ಬಸ್ಸಿನಲ್ಲಿ ಮೈಸೂರಿಗೆ ಹೋದರು. ಶಾಲೆಗೆ ಸೇರಿದರೆ ಮಂಡಿ ಮೊಹಲ್ಲಾದಲ್ಲಿ ತಾಜುನ್ನೀಸಾ ಅವರ ತಂಗಿ ಫಹ್ಮೀದಾ ಮನೆಯಲ್ಲಿ ಇರುವುದು ಎಂದು ಮಾತಾಗಿತ್ತು. ಸೇರದಿದ್ದರೆ ಅದೇ ದಿನ ವಾಪಸು. ಎರಡಕ್ಕೂ ಆಗುವ ಹಾಗೆ ಒಂದು ಸಣ್ಣ ಗಂಟು ಕಟ್ಟಿಕೊಂಡಿದ್ದರು. ಶಾಲೆಯಲ್ಲಿ ನಡೆದದ್ದನ್ನು ಗಯಾಸುದ್ದೀನರು ನನಗೆ ಹೇಳಿದ ಹಾಗೇ ಹೇಳುತ್ತೇನೆ.

ಶಿವನಂಜಪ್ಪ ಮೇಷ್ಟರು ಅವರನ್ನು ಮರೆತಿರಲಿಲ್ಲ. ಚುಕ್ಕೆ ಪುಸ್ತಕ ತಂದು ಅವಳ ಮುಂದೆ ಬಿಚ್ಚಿಟ್ಟರು. ಅವಳು ಹಾಳೆಯ ಬಲತುದಿಗೆ ಬೆರಳಿಟ್ಟಳು. ಓದಲು ಶುರು ಮಾಡಿದಳು. ಒಂದಕ್ಕೊಂದು ಸೇರುತ್ತಿರಲಿಲ್ಲ. ಎಲ್ಲೋ ಒಂದು ಅಕ್ಷರ ಸರಿಯಾಗುವುದು, ಪಕ್ಕದ್ದು ತಪ್ಪುವುದು. ಕೆಲವು ಅವಳು ಕಂಡೇ ಇಲ್ಲದ ಅಕ್ಷರ.

“ಚುಕ್ಕೆ ತುಂಬ ಸಣ್ಣದು ಅಬ್ಬಾ,” ಎಂದಳು. “ಅದಕ್ಕೇ ಇರಬೇಕು.”

ಮೇಷ್ಟರು ದೊಡ್ಡ ಚುಕ್ಕೆಯ ಹಾಳೆ ಕೊಟ್ಟರು. ಅದೂ ಹಾಗೇ ಆಯಿತು. ಅವಳು ಮತ್ತೆ ಮತ್ತೆ ಸಾಲಿನ ಬಲಕ್ಕೆ ಹೋಗಿ ಮೊದಲಿನಿಂದ ತಡವಿದಳು.

“ಬಂದಿಲ್ಲ ಸಾಬ್ರೆ,” ಎಂದರು ಮೇಷ್ಟರು. ಮೆತ್ತಗೇ ಹೇಳಿದರು.

“ಬರ್ತದೆ ಸ್ವಾಮಿ. ಎತ್ತಿನ ಕೊಳ್ಳಲ್ಲಿ ಇದ್ರೂ ಓದ್ತಾಳೆ.”

“ಎಲ್ಲಿ ಇದ್ರೂ ಅಂದ್ರಿ?”

ಗಯಾಸುದ್ದೀನರು ಗಂಟು ಬಿಚ್ಚಿ ಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟರು. ಮೇಷ್ಟರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಇನ್ನೊಂದು ಎತ್ತಿದರು.

“ಇದನ್ನ ನೀವು ಎಲ್ಲಿ ನೋಡಿ ಮಾಡಿದ್ರಿ?”

“ನಿಮ್ಮ ಜಗಲಿ ಮೇಲೆ. ಮಹದೇವಪ್ಪ ಅಂತ ಒಬ್ಬ ಚುಚ್ಚಿ ತೋರಿಸಿದ.”

“ಚುಚ್ಚಿದ್ದನ್ನ ನೋಡಿದ್ರಿ. ಮಗುಚಿದ್ದನ್ನ ನೋಡಿದ್ರಾ?”

ಗಯಾಸುದ್ದೀನರಿಗೆ ತಿಳಿಯಲಿಲ್ಲ. ಮೇಷ್ಟರು ಒಂದು ಕಾಗದಕ್ಕೆ ಚುಚ್ಚಿ ತೋರಿಸಿದರು. ಚುಚ್ಚುವುದು ಕಾಗದದ ಬೆನ್ನಿಗೆ. ಚುಕ್ಕೆ ಉಬ್ಬುವುದು ಆ ಕಡೆಯ ಮೈಯಲ್ಲಿ. ಓದಬೇಕಾದರೆ ಕಾಗದ ಮಗುಚಬೇಕು. ಮಗುಚಿದರೆ ಬಲಗಡೆ ಇದ್ದದ್ದು ಎಡಕ್ಕೆ ಬರುತ್ತದೆ. ಅದಕ್ಕೇ ಬರೆಯುವವರು ಒಂದೊಂದು ಅಕ್ಷರವನ್ನೂ ತಿರುವಿ, ಬಲದಿಂದ ಶುರು ಮಾಡುವುದು. ಓದುವವರು ಎಲ್ಲ ಕನ್ನಡದವರ ಹಾಗೆ ಎಡದಿಂದಲೇ ಓದುವುದು.

ಮಹದೇವಪ್ಪನನ್ನು ಕರೆಸಿದರು. ಅವನು ಈಗ ಅಲ್ಲೇ ಬೆತ್ತದ ಕೆಲಸಕ್ಕೆ ನಿಂತಿದ್ದ.

“ಯಾಕಯ್ಯ, ಮಗುಚಿ ಓದಬೇಕು ಅಂತ ಹೇಳಲಿಲ್ವಾ ಇವರಿಗೆ?”

“ಕಣ್ಣಿರೋರು ಸಾರ್. ನೋಡಿಕೊಳ್ತಾರೆ ಅಂದ್ಕೊಂಡೆ,” ಎಂದ ಮಹದೇವಪ್ಪ.

ಗಯಾಸುದ್ದೀನರು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಗಂಟಿಗೆ ಹಾಕಲು ಹೋದರು. ಶರೀಫುನ್ನೀಸಾ ಅವರ ಕೈ ಹಿಡಿದಳು.

“ಸಾರ್, ಚುಚ್ಚೋರು ಚುಚ್ಚುವಾಗ ಅಕ್ಷರ ನಮ್ಮ ಪಟ್ಟಿಯಲ್ಲಿ ಇದ್ದಂಗೇ ಇರ್ತದಾ?” ಎಂದು ಕೇಳಿದಳು.

“ಹೂಂ. ಹಾಗೇ.”

“ಹಂಗಾರೆ ನನಗೆ ಕೊಡಿ.”

ಮೇಷ್ಟರು ಹಲಗೆಗೆ ಕಾಗದ ಹಾಕಿ ಅವಳ ಮುಂದಿಟ್ಟರು. ಕಿಟಕಿಯ ಸಾಲಿಗೆ ಅವಳ ಬೆರಳು ಹಿಡಿದು ಜಾಗ ತೋರಿಸಿದರು. ದಬ್ಬಳ ಹಿಡಿಯುವುದನ್ನು ತೋರಿಸಲು ಹೋದರೆ ಅವಳು ಆಗಲೇ ಹಿಡಿದಿದ್ದಳು. ಅದು ಅವಳಿಗೆ ಮನೆಯ ಸಾಮಾನು.

“ಏನು ಬರೀಲಿ?”

“ನಿನಗೆ ಬಂದದ್ದು ಬರಿ.”

ಅವಳು ಬಲತುದಿಯ ಕಿಟಕಿಯಿಂದ ಶುರು ಮಾಡಿದಳು. ಹೊಸಬರಿಗೆ ಬರೆಯುವುದೇ ಕಷ್ಟ ಎಂದು ಮೇಷ್ಟರು ಆಮೇಲೆ ಹೇಳಿದರಂತೆ. ಓದಲು ಕಲಿತ ಮಕ್ಕಳು ಬರೆಯುವಾಗ ಎಲ್ಲ ತಿರುವಬೇಕಾಗಿ ತಿಂಗಳುಗಟ್ಟಲೆ ತಪ್ಪುತ್ತಾರೆ. ಇವಳು ಎಲ್ಲೂ ನಿಲ್ಲಲಿಲ್ಲ. ಒಂದು ಸಾಲು ಮುಗಿಸಿ ಎರಡನೆಯದಕ್ಕೆ ಇಳಿದು ಕೈ ತೆಗೆದಳು.

ಮೇಷ್ಟರು ಕಾಗದ ಬಿಚ್ಚಿ ಮಗುಚಿ ಕಣ್ಣಿಂದ ಓದಿದರು. ಗಾವಡಗೆರೆ ನಿಂಗಯ್ಯನ ಎತ್ತಿಗೆ ಅಕ್ಷರ ಬರುತ್ತದೆ ಎಂದಿತ್ತು. ಒಂದು ಕಡೆ ದೀರ್ಘ ಬಿಟ್ಟಿದ್ದಳು. ಅದು ನಾನು ಹೇಳಿಕೊಟ್ಟದ್ದರ ತಪ್ಪು.

ಮೇಷ್ಟರು ನಗುತ್ತ ಕಾಗದವನ್ನು ಅವಳ ಕೈಗೇ ಕೊಟ್ಟರು. “ಈಗ ನೀನು ಬರೆದದ್ದನ್ನ ನೀನೇ ಓದಮ್ಮ.”

ಅವಳು ತಡವಿದಳು. ಓದಲು ಆಗಲಿಲ್ಲ.

“ನಾನೇನು ಬರ್ಕೊಳ್ಳಲಿ ಸಾಬ್ರೆ?” ಎಂದರು ಮೇಷ್ಟರು. “ಓದು ಬರೋದಿಲ್ಲ, ಬರಹ ಬರುತ್ತೆ ಅಂತಲಾ? ಹೆಡ್‌ಮಾಸ್ಟರು ನನ್ನನ್ನ ಹುಚ್ಚ ಅಂತಾರೆ.”

ಆದರೂ ಕಾಗದ ತೆಗೆದುಕೊಂಡು ಹೆಡ್‌ಮಾಸ್ಟರ ಕೋಣೆಗೆ ಹೋದರು. ಬಂದು ಹೇಳಿದರು. ದಸರಾ ರಜೆಯವರೆಗೆ ಇರಲಿ. ಅಷ್ಟರೊಳಗೆ ಪುಸ್ತಕ ಓದಿದರೆ ಉಳಿಯುತ್ತಾಳೆ. ಇಲ್ಲದಿದ್ದರೆ ಕರೆದುಕೊಂಡು ಹೋಗಬೇಕು.

ಗಯಾಸುದ್ದೀನರು ಒಬ್ಬರೇ ವಾಪಸು ಬಂದರು. ಬಿಲ್ಲೆಗಳನ್ನೂ ಪಟ್ಟಿಗಳನ್ನೂ ಜೊತೆಗೆ ತಂದಿದ್ದರು. ಬಂದವರೇ ಇಕ್ಕಳ ತೆಗೆದುಕೊಂಡು ಒಂದೊಂದೇ ಮೊಳೆ ಕೀಳಲು ಕೂತರು. ತಾಜುನ್ನೀಸಾ ಪರದೆಯ ಹಿಂದಿನಿಂದ ಕೇಳಿದರು.

“ಅದ್ಯಾಕೆ ಹಾಳು ಮಾಡ್ತೀರಿ?”

“ತಪ್ಪಾಗೈತೆ.”

“ತಪ್ಪಾಗಿರೋದ್ರಿಂದ್ಲೇ ತಾನೆ ಅವಳನ್ನ ಅಲ್ಲಿ ಕೂರಿಸ್ಕೊಂಡಿರೋದು? ಅದು ಹಂಗೇ ಇರ್ಲಿ. ಇನ್ನೊಂದು ಮಾಡಿ.”

ಅವರು ಇಕ್ಕಳ ಇಟ್ಟರು. ಹೊಸ ಚರ್ಮ ಕತ್ತರಿಸಿ ಮೊದಲನೇ ಅಕ್ಷರ ಎಡಕ್ಕೆ ಬರುವ ಹಾಗೆ, ಎಲ್ಲ ಚುಕ್ಕೆ ತಿರುವಿ, ಇನ್ನೊಂದು ಜೊತೆ ಪಟ್ಟಿ ಮಾಡಿದರು. ಕುದುರೆ ಸಾಮಾನಿನಲ್ಲಿ ಎಡಪಕ್ಕ ಬಲಪಕ್ಕ ಬೇರೆ ಬೇರೆ ಮಾಡಿ ಅಭ್ಯಾಸ ಇದ್ದ ಕೈ. ಬೇಗ ಆಯಿತು. ಹಳೆಯದನ್ನೂ ಹೊಸದನ್ನೂ ಬೆನ್ನಿಗೆ ಬೆನ್ನು ಕೂರಿಸಿ ಅಂಚಿಗೆ ಹೊಲಿಗೆ ಹಾಕಿದರು. ಒಂದು ಮೈ ಬರೆಯುವವರದು, ಇನ್ನೊಂದು ಮೈ ಓದುವವರದು. ಬಸ್ಸಿನವರ ಕೈಯಲ್ಲಿ ಮಂಡಿ ಮೊಹಲ್ಲಾಕ್ಕೆ ಕಳಿಸಿದರು.

ಅವಳಿಗೆ ಅದು ಸುಲಭ ಆಗಲಿಲ್ಲ. ಬೆರಳು ಬಲಕ್ಕೆ ಓಡುತ್ತಿತ್ತು. ಫಹ್ಮೀದಾ ಪಕ್ಕದಲ್ಲಿ ಕೂತು ಕೈ ಹಿಡಿದು ಎಡಕ್ಕೆ ತರುತ್ತಿದ್ದರಂತೆ. ಅವಳು ಬೇರೆ ದಾರಿ ಹುಡುಕಿಕೊಂಡಳು. ಹಾಳೆಯ ಮೇಲೆ ಒಂದು ಅಕ್ಷರ ಮುಟ್ಟುವುದು. ಇದನ್ನು ಚುಚ್ಚಿದವರ ಕೈ ಎಲ್ಲಿತ್ತು ಎಂದು ಯೋಚಿಸುವುದು. ಹಾಳೆಯ ಬೆನ್ನಿಗಿದ್ದ ಆ ಕೈಯ ಕಡೆಯಿಂದ ಅಕ್ಷರ ಗುರುತು ಹಿಡಿಯುವುದು. ನಿಧಾನ ಆಗುತ್ತಿತ್ತು, ತಪ್ಪಾಗುತ್ತಿರಲಿಲ್ಲ.

ದಸರಾ ಬಂತು. ಗಯಾಸುದ್ದೀನರು ಮೈಸೂರಿಗೆ ಹೋದಾಗ ಎರಡಕ್ಕೂ ಆಗುವ ಅದೇ ಗಂಟು ಮತ್ತೆ ಕಟ್ಟಿಕೊಂಡು ಹೋಗಿದ್ದರು. ಮೇಷ್ಟರು ಅವಳು ಮುಟ್ಟದಿದ್ದ ಒಂದು ಪುಸ್ತಕ ತಂದರು. ಅವಳು ಒಂದು ಪುಟ ಓದುವ ಹೊತ್ತಿಗೆ ಅಂಗಳದ ನೆರಳು ಜಗಲಿ ಹತ್ತಿತ್ತು. ಪುಟ ಮುಗಿದ ಮೇಲೆ ಅವಳು ಹಾಳೆ ತಿರುವಿ ಮುಂದಕ್ಕೆ ಓದಲು ಹೋದಳು.

“ಸಾಕು ಕಣಮ್ಮ,” ಎಂದರು ಮೇಷ್ಟರು.

“ಮುಂದಕ್ಕೆ ಏನೈತೆ ನೋಡ್ತೀನಿ,” ಎಂದಳು ಅವಳು.

ಉಳಿದುಕೊಂಡಳು. ಓದುವುದರಲ್ಲಿ ಅವಳು ಯಾವತ್ತೂ ಮುಂದೆ ಬರಲಿಲ್ಲ. ಬರೆಯುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಓದು ಮುಗಿದ ಮೇಲೆ ಶಾಲೆಯವರು ಅವಳನ್ನು ಅಲ್ಲೇ ಇಟ್ಟುಕೊಂಡರು. ಮೇಷ್ಟರು ಪುಸ್ತಕ ಓದಿ ಹೇಳುವರು, ಅವಳು ಚುಕ್ಕೆಯಲ್ಲಿ ಬರೆದು ತೆಗೆಯುವಳು. ಚಿಕ್ಕ ಮಕ್ಕಳ ಪಾಠದ ಪುಸ್ತಕಗಳು ಬಹಳ ಕಾಲ ಅವಳ ಕೈಬರಹದವೇ ಆಗಿದ್ದವು.

ಗಯಾಸುದ್ದೀನರು ಅಂಗಡಿ ಬಿಡಲಿಲ್ಲ. ಪಿರಿಯಾಪಟ್ಟಣದಿಂದ, ಅಂತರಸಂತೆಯಿಂದ ಯಾರಾದರೂ ಕಣ್ಣಿಲ್ಲದ ಮಕ್ಕಳಿಗೆ ಅಂತ ಕೇಳಿಕೊಂಡು ಬಂದರೆ ಎರಡು ಮೈಯ ಪಟ್ಟಿ ಮಾಡಿಕೊಡುತ್ತಿದ್ದರು. ಕೊಡುವಾಗ ದಾರ ಬಾಯಿಂದ ತೆಗೆದು, ಯಾವ ಮೈ ಯಾವುದಕ್ಕೆ ಎಂದು ಹೇಳಿ, ಮತ್ತೊಮ್ಮೆ ಹೇಳುವರು. ಅವರು ಅಷ್ಟು ಮಾತಾಡಿದ್ದನ್ನು ನಾನು ಬೇರೆ ಯಾವ ವಿಷಯಕ್ಕೂ ಕೇಳಿಲ್ಲ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ತೀರಿಕೊಂಡರು.

ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ಶರೀಫುನ್ನೀಸಾ ಊರಿಗೆ ಬಂದಿದ್ದಳು. ಅವಳು ಚಿಕ್ಕಂದಿನಲ್ಲಿ ನಿಂತುಹೋಗಿದ್ದ ಪಾಠವನ್ನು ಮೊಹಲ್ಲಾದ ಒಬ್ಬ ಹೆಂಗಸಿನಿಂದ ಹೇಳಿಸಿಕೊಂಡು, ಉರ್ದು ಅಕ್ಷರಗಳಿಗೆ ತಾನೇ ಗುರುತು ಕಟ್ಟಿಕೊಂಡು ಚುಕ್ಕೆಯಲ್ಲಿ ಬರೆದಿದ್ದಳು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅಪ್ಪನ ಪಕ್ಕ ಕೂತು ಓದಿದಳು. ತಾನೇ ಬರೆದದ್ದು. ಆದರೂ ಬೆರಳು ಒಂದೊಂದೇ ಅಕ್ಷರಕ್ಕೆ ನಿಂತು ನಿಂತು ಹೋಗುತ್ತಿತ್ತು. ಮೊದಲು ಅವಳಿಗೆ ಬಾಯಿಗೆ ಬರುತ್ತಿದ್ದ ಭಾಗ ಬಂತು. ಆಮೇಲೆ ಅವಳು ನಿಲ್ಲುತ್ತಿದ್ದ ಜಾಗ ಬಂತು. ತಡಿಕೆಯ ಈಚೆ ನಾನು ಉಳಿ ನಿಲ್ಲಿಸಿದೆ. ಅವಳು ಅಲ್ಲಿ ನಿಲ್ಲಲಿಲ್ಲ. ನಿಧಾನಕ್ಕೆ ಅದನ್ನು ದಾಟಿ ಓದಿಕೊಂಡು ಹೋದಳು. ಗಯಾಸುದ್ದೀನರು ದಾರ ಕಚ್ಚಿಕೊಂಡು ಹೊಲಿಯುತ್ತಲೇ ಇದ್ದರು.